ಫ್ರೀಜರ್ ತುಂಬಿಸುವ ಮುನ್ನ

ಶಾಬಾನ್ ತಿಂಗಳು ಅರ್ಧ ಕಳೆಯುತ್ತಿದ್ದಂತೆ ನನ್ನ ಕ್ಲಿನಿಕ್‌ಗೆ ಬರುವ ಅನೇಕ ಸಹೋದರಿಯರ ದೂರು ಒಂದೇ: ಸೊಂಟ ನೋವು, ಭುಜ ನೋವು. ಕಾರಣ ಕೇಳಿದರೆ ನಗುತ್ತಾರೆ. “ರಮಝಾನ್ ಬಂತಲ್ಲ ಡಾಕ್ಟ್ರೇ, ಇನ್ನೂರು ಸಮೋಸ ಮಾಡಿ ಫ್ರೀಜರಿನಲ್ಲಿಟ್ಟೆ.” ಉಪವಾಸ ಆರಂಭವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಅಂಥದೇ ಮನೆಗಳಿಂದ ವಾಂತಿ, ಭೇದಿಯ ರೋಗಿಗಳೂ ಬರುತ್ತಾರೆ.

ಮೊದಲೆಲ್ಲ ನಾನು ಫ್ರೀಜರ್ ಅಡುಗೆಯೇ ಬೇಡ ಎನ್ನುತ್ತಿದ್ದೆ. ಯುನಾನಿ ಕಲಿತವರು ತಾಜಾ ಆಹಾರದ ಪರ. ಆರೋಗ್ಯಕ್ಕೆ ಅನಿವಾರ್ಯವೆಂದು ನಮ್ಮ ವೈದ್ಯಶಾಸ್ತ್ರ ಹೇಳುವ ಆರು ವಿಷಯಗಳಲ್ಲಿ ಗಾಳಿಯ ನಂತರ ಬರುವುದೇ ಅನ್ನ-ಪಾನ. ಆದರೆ ಅದೇ ಪಟ್ಟಿಯಲ್ಲಿ ದೇಹದ ದುಡಿಮೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರವೂ ಇವೆ. ನಾಲ್ಕು ಗಂಟೆ ಮಲಗಿ ಸಹರಿಗೆ ಎದ್ದವಳು, ಉಪವಾಸದಲ್ಲಿ ಅಸರ್‌ನಿಂದ ಮಗ್ರಿಬ್‌ವರೆಗೆ ಒಲೆಯ ಮುಂದೆ ನಿಲ್ಲಬೇಕೆಂದರೆ, ಮನೆಯವರಿಗೆ ಸಿಗುವ ತಾಜಾ ಊಟದ ಬೆಲೆಯನ್ನು ಅವಳ ದೇಹ ತೆರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಬದಲಾಗಿದೆ. ಮುಂಚಿತವಾಗಿ ತಯಾರಿ ಮಾಡಿಟ್ಟುಕೊಳ್ಳುವುದು ತಪ್ಪಲ್ಲ. ನಾವು ಮಾಡುತ್ತಿರುವ ರೀತಿ ತಪ್ಪು.

ಒಂದು ಮನೆಯ ಘಟನೆ ಹೇಳುತ್ತೇನೆ. ರಾತ್ರಿ ದೊಡ್ಡ ಪಾತ್ರೆಯಲ್ಲಿ ಮಟನ್ ಸಾರು ಮಾಡಿ, ಆರಲೆಂದು ಬೆಳಗಿನವರೆಗೆ ಕಟ್ಟೆಯ ಮೇಲೆ ಬಿಟ್ಟರು. ನಂತರ ಅಷ್ಟನ್ನೂ ಒಂದೇ ಡಬ್ಬಿಯಲ್ಲಿ ಫ್ರೀಜರಿಗಿಟ್ಟರು. ಉಪವಾಸದ ದಿನ ಬೆಳಿಗ್ಗೆ ಹೊರತೆಗೆದು, ಸಂಜೆ ಅರ್ಧ ಬಳಸಿ, ಉಳಿದದ್ದನ್ನು ಮತ್ತೆ ಒಳಗಿಟ್ಟರು. ನಾಲ್ಕು ದಿನದ ನಂತರ ಆ ಉಳಿದ ಸಾರು ಉಂಡ ಅಜ್ಜಿ ಮತ್ತು ಇಬ್ಬರು ಮಕ್ಕಳು ಹಾಸಿಗೆ ಹಿಡಿದರು. ಅಜ್ಜಿಯನ್ನು ನಾನು ಡ್ರಿಪ್‌ಗಾಗಿ ಆಸ್ಪತ್ರೆಗೆ ಕಳುಹಿಸಬೇಕಾಯಿತು. “ಫ್ರೀಜರಿನಲ್ಲೇ ಇತ್ತು, ಚೆನ್ನಾಗಿ ಕುದಿಸಿದ್ದೆ ಕೂಡ” ಎಂದು ಸೊಸೆ ಅಳುತ್ತಿದ್ದಳು.

ಅವಳಿಗೆ ಯಾರೂ ಹೇಳಿಕೊಡದ ಎರಡು ಮಾತುಗಳಿವೆ. ಒಂದು, ಫ್ರೀಜರ್ ಹೆಚ್ಚಿನ ರೋಗಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತು ಅವು ಬೆಳೆಯುತ್ತವೆ. ಎರಡು, ಕೆಲವು ರೋಗಾಣುಗಳು ಬಿಟ್ಟುಹೋಗುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅನ್ನ, ಬಿರಿಯಾನಿಯ ವಿಷಯದಲ್ಲಂತೂ ಇದನ್ನು ಮರೆಯಬಾರದು.

ಹಾಗಾಗಿ ಮಾಡಿದ ಅಡುಗೆಯನ್ನು ಅಗಲವಾದ ತಟ್ಟೆಗಳಿಗೆ ಹರಡಿ, ತಟ್ಟೆಯನ್ನು ತಣ್ಣೀರಿನ ಮೇಲಿಟ್ಟು ಬೇಗ ಆರಿಸಿ. ಎರಡು ಗಂಟೆಯೊಳಗೆ, ಕಡುಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಅದು ಫ್ರೀಜರಿನಲ್ಲಿರಬೇಕು. ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದೊಂದು ಪೊಟ್ಟಣ ಮಾಡಿ, ಚಪ್ಪಟೆಯಾಗಿ ಇಟ್ಟು, ತಾರೀಖು ಬರೆಯಿರಿ. ಹಸಿ ಮಾಂಸ ಯಾವಾಗಲೂ ಕೆಳಗೆ, ಬೇಯಿಸಿದ್ದು ಮೇಲೆ. ಇಫ್ತಾರ್‌ಗೆ ಬೇಕಾದುದನ್ನು ಸಹರಿಯ ಹೊತ್ತಿಗೆ ಫ್ರೀಜರಿನಿಂದ ತೆಗೆದು ಕೆಳಗಿನ ಫ್ರಿಜ್‌ಗೆ ಇಳಿಸಿ. ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಹಾಗೆ ಹೊರಗಿಟ್ಟು ಕರಗಿಸಿದ್ದು ಮತ್ತೆ ಫ್ರೀಜರಿಗೆ ಹೋಗಲೇಬಾರದು.

ನಿಮ್ಮ ಮನೆಯ ಫ್ರಿಜ್ ಯಾವುದೆಂದೂ ನೋಡಿ. ತಿಂಗಳುಗಟ್ಟಲೆ ಇಡಲು ಮೈನಸ್ 18 ಡಿಗ್ರಿ ಬೇಕು. ಒಂಟಿ ಬಾಗಿಲಿನ ಫ್ರಿಜ್‌ನೊಳಗಿನ ಚಿಕ್ಕ ಐಸ್ ಪೆಟ್ಟಿಗೆ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ. ಅಂಥದ್ದರಲ್ಲಿ ಒಂದು ವಾರಕ್ಕೆ ಮೀರಿ ಇಡಬೇಡಿ. ಕರೆಂಟ್ ಹೋದಾಗ ಬಾಗಿಲು ತೆರೆಯಬೇಡಿ. ಒಂದು ಬಟ್ಟಲು ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ಊರಿನಿಂದ ಮರಳಿದಾಗ ನಾಣ್ಯ ತಳ ಸೇರಿದ್ದರೆ, ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಅಂಥ ಮಾಂಸ, ಸಾರನ್ನು ಎಸೆಯುವುದೇ ಸರಿ.

ಇನ್ನು ಏನನ್ನು ಇಡಬೇಕು? ಊಟವನ್ನಲ್ಲ, ಕೆಲಸವನ್ನು ಕೂಡಿಡಿ ಎಂಬುದು ನನ್ನ ಸಲಹೆ. ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಹುರಿದ ಈರುಳ್ಳಿ, ಬೇಯಿಸಿದ ಕಡಲೆ, ಹುರಿದ ಖೀಮಾ, ಶಾಮಿ ಕಬಾಬಿನ ಬಿಲ್ಲೆಗಳು ಇದ್ದರೆ ಅರ್ಧ ಗಂಟೆಯಲ್ಲಿ ತಾಜಾ ಅಡುಗೆ ಸಿದ್ಧ. ಆಲೂಗಡ್ಡೆ ಹಾಕಿದ ಸಾರು, ಮೊಸರಿನ ಗ್ರೇವಿ ಇಡಬೇಡಿ. ಒಂದು ಮರಳುಮರಳಾಗುತ್ತದೆ, ಇನ್ನೊಂದು ಒಡೆಯುತ್ತದೆ.

ಸಮೋಸ ಇನ್ನೂರು ಏಕೆ? ಐದು ಜನರ ಮನೆಯಲ್ಲಿ ವಾರಕ್ಕೆರಡು ದಿನ, ತಲೆಗೆ ಎರಡರಂತೆ ಲೆಕ್ಕ ಹಾಕಿದರೆ ವಾರಕ್ಕೆ 20, ನಾಲ್ಕು ವಾರಕ್ಕೆ 80 ಸಾಕು. ಫ್ರೀಜರ್ ತುಂಬಿದ್ದರೆ ಎಣ್ಣೆ ಬಾಣಲೆ ದಿನವೂ ಒಲೆ ಏರುತ್ತದೆ. ದಿನವಿಡೀ ಖಾಲಿಯಿದ್ದ ಹೊಟ್ಟೆಗೆ ಕರಿದದ್ದು ಬಿದ್ದರೆ ಎದೆಯುರಿ, ಅಜೀರ್ಣ ಬರದೆ ಇರುತ್ತದೆಯೇ?

ಕೊನೆಯದಾಗಿ ಮನೆಯ ಗಂಡಸರಿಗೆ ಒಂದು ಮಾತು. ಈ 80 ಸಮೋಸ ಮಡಚಲು ನಾಲ್ಕು ಜನ ಕುಳಿತರೆ ಒಂದು ಭಾನುವಾರದ ಬೆಳಗ್ಗೆ ಸಾಕು. ಬೆಳ್ಳುಳ್ಳಿ ಸುಲಿಯಲು, ಪೊಟ್ಟಣದ ಮೇಲೆ ತಾರೀಖು ಬರೆಯಲು ಹತ್ತು ವರ್ಷದ ಮಗುವಿಗೂ ಬರುತ್ತದೆ. ಹಾಗೆ ಮಾಡಿದರೆ ಮುಂದಿನ ಶಾಬಾನ್‌ನಲ್ಲಿ ಸೊಂಟ ನೋವೆಂದು ನನ್ನ ಬಳಿ ಬರುವವರು ಕಡಿಮೆಯಾಗುತ್ತಾರೆ. ಅದರಿಂದ ನನಗೆ ಸಂತೋಷವೇ.