ನೀತಿಪಾಠ ಸಾಕು, ನೋಟಿಸ್ ಕೊಡಿ

ಕೃತಕ ಬುದ್ಧಿಮತ್ತೆಯ ಬಗ್ಗೆ 'ಜನಸಾಮಾನ್ಯರಲ್ಲಿ ಅರಿವು' ಮೂಡಿಸುವ ಭಾಷಣಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ, ತಪ್ಪಿಸಿಕೊಳ್ಳುವುದೂ ಕಷ್ಟ. ಎಲ್ಲ ಕಡೆ ಅದೇ ಅಡುಗೆ: ಯಾವುದೋ ನಟಿಯ ಡೀಪ್‌ಫೇಕ್, ಮನುಷ್ಯನನ್ನು ಮೀರಿಸುವ ರೋಬೋ, ಕೊನೆಗೆ 'ನಾವೆಲ್ಲ ಎಚ್ಚರದಿಂದಿರಬೇಕು' ಎಂಬ ಹಿತವಚನ. ಎಚ್ಚರವೆಲ್ಲ ಜನರ ಪಾಲಿಗೆ, ಅಧಿಕಾರವೆಲ್ಲ ಯಂತ್ರ ಇಟ್ಟುಕೊಂಡವರ ಪಾಲಿಗೆ.

ಈ ಭಾಷಣಕಾರರು ಇಲ್ಲಿನ ಒಂದು ರೇಷನ್ ಅಂಗಡಿಗೆ ಹೋಗಿಬರಲಿ. ತೆಲಂಗಾಣ ಸರ್ಕಾರ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ಕಟ್ಟಿಕೊಂಡಿದೆ. ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಜೋಡಿಸಿ, ಹೆಸರು, ವಿಳಾಸ ತಾಳೆ ನೋಡಿ, ಇಂಥವರ ಹತ್ತಿರ ಕಾರಿದೆ, ಇವರಿಗೆ ಕಾರ್ಡು ಬೇಡ ಎಂದು ಸೂಚಿಸುವುದು ಅದರ ಕೆಲಸ. 2014ರಿಂದ 2019ರವರೆಗೆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ರೇಷನ್ ಕಾರ್ಡುಗಳು ರದ್ದಾದವು. ಎಲ್ಲವನ್ನೂ ಯಂತ್ರವೇ ಮಾಡಿತು ಎನ್ನುತ್ತಿಲ್ಲ. ಆದರೆ ಮೊದಲೇ ನೋಟಿಸ್ ಇರಲಿಲ್ಲ. ರಿಕ್ಷಾ ತುಳಿಯುವವರೊಬ್ಬರನ್ನು ಕಾರಿನ ಮಾಲೀಕ ಎಂದು ದಾಖಲೆ ಹೇಳಿತು. ಕಾರು ಹೆಸರು ಹೋಲುವ ಬೇರೊಬ್ಬರದು. ಕೊನೆಗೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸ್ಥಳಕ್ಕೇ ಹೋಗಿ ಮರುಪರಿಶೀಲಿಸಿ ಎಂದು ಹೇಳಬೇಕಾಯಿತು. ಜುಲೈ ಹೊತ್ತಿಗೆ ನೋಡಿ ಮುಗಿಸಿದ ಸುಮಾರು 2 ಲಕ್ಷ ಅರ್ಜಿಗಳಲ್ಲಿ 15 ಸಾವಿರಕ್ಕೂ ಹೆಚ್ಚು ಅರ್ಹರದೇ ಎಂದು ಗೊತ್ತಾಯಿತು.

ಹೆಸರಿನ ಈ ಗೋಜಲನ್ನು ಈ ಪುಟದ ಓದುಗರಿಗೆ ವಿವರಿಸಬೇಕಿಲ್ಲ. ಬೀದರ್ ಕಡೆಯಿಂದ ದುಡಿಯಲು ಬಂದ ಬಸವರಾಜ ಆಧಾರ್‌ನಲ್ಲಿ ಬಸವರಾಜ್, ಬ್ಯಾಂಕಿನಲ್ಲಿ ಬಸ್ವರಾಜ, ಲೈಸೆನ್ಸಿನಲ್ಲಿ ಬಸವರಾಜು. ಒಂದು ಕಡೆ ಊರ ಹೆಸರು ಮುಂದೆ, ಇನ್ನೊಂದು ಕಡೆ ಅಪ್ಪನ ಹೆಸರು ಹಿಂದೆ. ನಾವಾದರೆ ಅರ್ಧ ದಿನ ರಜೆ ಹಾಕಿ, ಅಫಿಡವಿಟ್ ಮಾಡಿಸಿ ಸರಿಪಡಿಸಿಕೊಳ್ಳುತ್ತೇವೆ. ದಿನಗೂಲಿಯವರಿಗೆ ಆ ಅಲೆದಾಟ ಎಂದರೆ ಹೋದಷ್ಟು ದಿನದ ಕೂಲಿ ಕಟ್.

'ಅದು ಎಐ ಅಲ್ಲ ಮಾರಾಯ, ಬರೀ ಡೇಟಾ ಜೋಡಣೆ' ಎನ್ನುವ ಸಹೋದ್ಯೋಗಿಗಳಿದ್ದಾರೆ. ನಮ್ಮ ಕಸುಬಿನ ಜಾಣತನ ಇದು: ಮಾರುವಾಗ ಎಐ, ತಪ್ಪಾದಾಗ ಬರೀ ಎಕ್ಸೆಲ್. ಕಾರ್ಡು ಕಳೆದುಕೊಂಡವಳಿಗೆ ಈ ವ್ಯತ್ಯಾಸದಿಂದ ಒಂದು ಹಿಡಿ ಅಕ್ಕಿಯೂ ಸಿಗುವುದಿಲ್ಲ.

ಇನ್ನು ಕಾನೂನು. 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದು ಹಂತಹಂತವಾಗಿ ಅನ್ವಯವಾಗುತ್ತಿರುವ ಯುರೋಪಿನ ಎಐ ಕಾಯ್ದೆ, ಸರ್ಕಾರಿ ನೆರವಿಗೆ ಯಾರು ಅರ್ಹರು ಎಂದು ಅಳೆಯುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದವುಗಳ ಸಾಲಿಗೆ ಸೇರಿಸಿದೆ. ಮನುಷ್ಯರ ಮೇಲ್ವಿಚಾರಣೆ ಇರಬೇಕು. ಪೆಟ್ಟು ತಿಂದವರು ಕಾರಣ ಕೇಳಬಹುದು. ಅವರೇನೂ ಸಂತರಲ್ಲ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಭತ್ಯೆ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳಿಗೆ ವಂಚಕರೆಂಬ ಹಣೆಪಟ್ಟಿ ಹಚ್ಚಿ, 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು. ನಮ್ಮಲ್ಲಿ? 2023ರ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಯಂತ್ರ ಹೀಗೇಕೆ ತೀರ್ಮಾನಿಸಿತು ಎಂದು ಕೇಳುವ ಹಕ್ಕೇ ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಎಐ ಮಾರ್ಗಸೂಚಿ, ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ ಎನ್ನುತ್ತದೆ. ಹೊಸತನಕ್ಕೆ ಅಡ್ಡಿಯಾಗುತ್ತದಂತೆ. ಹೆಸರು ಅಳಿಸುವ ಮುನ್ನ ಒಂದು ಕಾಗದ ಕಳಿಸಿದರೆ ಯಾವ ಹೊಸತನ ನಿಂತುಹೋಗುತ್ತದೆ?

ಆದ್ದರಿಂದ ನಮ್ಮ ಸಂಘಗಳವರು ಮುಂದಿನ ಸಲ ಎಐ ಉಪನ್ಯಾಸ ಇಟ್ಟುಕೊಂಡಾಗ ರೋಬೋವನ್ನು ಪಕ್ಕಕ್ಕಿಟ್ಟು ಇಷ್ಟನ್ನು ಕೇಳಲಿ. ಕಾರ್ಡು ರದ್ದು ಮಾಡುವ ಮೊದಲು ಕಾರಣವನ್ನು ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಕೊಡಬೇಕು. ಅದಕ್ಕೆ ಸಹಿ ಹಾಕಿದ ಅಧಿಕಾರಿಯ ಹೆಸರು ಅದರಲ್ಲಿರಬೇಕು. ಕಾರು ಇದೆ ಎನ್ನುವವರೇ ಕಾರನ್ನು ತೋರಿಸಬೇಕು. ಇಲ್ಲದ ಕಾರನ್ನು ಇಲ್ಲವೆಂದು ಬಡವರು ಸಾಬೀತು ಮಾಡುವುದಲ್ಲ. ಮೇಲ್ಮನವಿ ತೀರ್ಮಾನವಾಗುವವರೆಗೆ ಅಕ್ಕಿ ನಿಲ್ಲಿಸಬಾರದು.