ಆ ಎಲುಬು ಯಾರದು?

ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಆಳಿಕೆಯಲ್ಲಿ, ಸುಮಾರು ಕ್ರಿ. ಶ. 750ರಲ್ಲಿ, ಕಾದಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕವದು. ತಮ್ಮ ನಾಡಿನಲ್ಲಿ ಕಾದಿ ಮಡಿದವನಿಗೆ ಅಂದಿನವರು ಕಲ್ಲು ನಿಲ್ಲಿಸಿದರು. ಇಂದು ನಮ್ಮನ್ನು ಕಾಯಲೆಂದೇ ನೇಮಕವಾದವರ ಬಾಗಿಲಿಗೆ ಹೋಗಲು ನಾವೇಕೆ ಅಳುಕುತ್ತೇವೆ?

ಈಚೆಗೆ ನೆರೆಯ ಹಿರಿಯರೊಬ್ಬರ ಮನೆಯಲ್ಲಿ ಕಳುವಾಯಿತು. ದೂರು ಕೊಡಿರೆಂದೆ. ಅವರು ನಕ್ಕು, "ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಮೇಷ್ಟರಿಗೆ ತಿಳಿಯದೆ?" ಎಂದರು. ಇದನ್ನು ಹೇಡಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಗಾದೆಗೆ ನಮ್ಮ ಕಾಲವೇ ಆಧಾರ ಒದಗಿಸುತ್ತಿದೆ.

ಕುಶಾಲನಗರದ ಕಡೆಯ ಬಡ ಆದಿವಾಸಿಯೊಬ್ಬ, ಹೆಂಡತಿ ಕಾಣೆಯಾದಳೆಂದು ತಾನೇ ಪೋಲೀಸರಲ್ಲಿ ದೂರಿತ್ತನು. ಅವಳು ಕಾಣೆಯಾದದ್ದು 2020ರಲ್ಲಿ. ಮುಂದೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಎಲ್ಲೆಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಅವಳದೇ ಎಂದು ಬಗೆದು, ದೂರಿತ್ತವನನ್ನೇ ಕೊಲೆಗಾರನೆಂದು ಸೆರೆಗೆ ಹಾಕಿದರು. ಡಿಎನ್‌ಎ ಪರೀಕ್ಷೆ ಹೊಂದಲಿಲ್ಲ; ಆದರೂ ಮೊಕದ್ದಮೆ ನಿಲ್ಲಲಿಲ್ಲ. ಸುಮಾರು ಒಂದೂವರೆ ವರ್ಷ ಅವನು ಸೆರೆಮನೆಯಲ್ಲಿ ಕಳೆದನು. 2025ರ ಏಪ್ರಿಲಿನಲ್ಲಿ, ಸತ್ತಳೆನಿಸಿಕೊಂಡ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು! ಮೈಸೂರಿನ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು.

ಪೋಲೀಸರೂ ಮನುಷ್ಯರೇ, ತಪ್ಪುತ್ತಾರೆ. ಆ ತಪ್ಪನ್ನು ಹಿಡಿಯಲೆಂದೇ ಕಾನೂನು ಅವರ ಮುಂದೆ ಸರ್ಕಾರೀ ವಕೀಲರನ್ನೂ, ಸರ್ಕಾರೀ ವಕೀಲರ ಮುಂದೆ ನ್ಯಾಯಾಧೀಶರನ್ನೂ ಇರಿಸಿದೆ. ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಸರ್ಕಾರೀ ವಕೀಲರು ಪೋಲೀಸರ ಹಿಡಿತದಲ್ಲಿ ಇರಕೂಡದೆಂದು ಸ್ಪಷ್ಟಪಡಿಸಿತು. ಪೋಲೀಸರು ಕಟ್ಟಿದ ಕಡತವನ್ನು ಬೇರೊಂದು ಕಣ್ಣು ನೋಡಬೇಕು, "ಆ ಎಲುಬು ಯಾರದು?" ಎಂದು ಕೇಳಬೇಕು. ಬೆಟ್ಟದಪುರದ ಮೊಕದ್ದಮೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಪಟ್ಟುಹಿಡಿದು ಕೇಳಿದಂತೆ ತೋರದು. ಆ ಎಲುಬು ಯಾರದೋ, ಅವರಿಗೂ ನ್ಯಾಯ ದೊರೆಯಬೇಕಾಗಿತ್ತಲ್ಲವೆ?

ಇಂಥದು ಸಾವಿರಕ್ಕೊಂದು, ಕೊನೆಗೆ ಸತ್ಯ ಗೆದ್ದಿತಲ್ಲ ಎನ್ನುವವರುಂಟು. ಸತ್ತವಳು ಎದ್ದು ಬಂದು ತನ್ನ ಪರವಾಗಿ ಸಾಕ್ಷಿಯಾಗುವ ಭಾಗ್ಯ ಎಷ್ಟು ಮಂದಿ ಆರೋಪಿಗಳಿಗೆ ದೊರೆತೀತು? ಪೋಲೀಸರ ಮಾತನ್ನು ವಕೀಲರು, ವಕೀಲರ ಮಾತನ್ನು ನ್ಯಾಯಾಧೀಶರು ಪ್ರಶ್ನಿಸದೆ ನಂಬುತ್ತ ಹೋದರೆ, ಪ್ರಜೆಯಾದವನು ಯಾರನ್ನೂ ನಂಬಲಾರನು. ಈ ಮೂವರಲ್ಲಿ ಪರಸ್ಪರ ಸಂಶಯ ಎಚ್ಚರವಾಗಿದ್ದಷ್ಟೂ ನಮ್ಮ ನಂಬಿಕೆ ಗಟ್ಟಿಯಾಗುತ್ತದೆ. ಸಾಕ್ಷ್ಯ ಸಾಲದಿದ್ದಾಗ ಹಾಗೆಂದು ನೇರವಾಗಿ ನುಡಿಯುವ ಸರ್ಕಾರೀ ವಕೀಲನನ್ನು ಸೋತವನೆಂದು ಎಣಿಸುವ ಅಭ್ಯಾಸವನ್ನು ಸರ್ಕಾರವೂ ನಾವೂ ಮೊದಲು ಬಿಡಬೇಕು.

ನಮ್ಮ ಹಿರಿಯರು ಕೊನೆಗೂ ದೂರು ಕೊಟ್ಟರು, ನನ್ನ ಬಲವಂತಕ್ಕೆ. ಠಾಣೆಯ ಮೆಟ್ಟಿಲಿಳಿಯುವಾಗ, "ಇನ್ನು ನನ್ನನ್ನೇ ಕಳ್ಳನೆನ್ನದಿದ್ದರೆ ಸಾಕಪ್ಪ" ಎಂದರು. ನಾನು ನಗಬೇಕೆಂದುಕೊಂಡೆ, ನಗೆ ಬರಲಿಲ್ಲ.