ಬಿಡುವು ಕೇಳದ ಹಿತ್ತಲು

ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆ ಗದ್ದೆಗೆಲಸ, ನವೆಂಬರಿನಿಂದ ಕಾಫಿ ಕೊಯ್ಲು. ಮಕ್ಕಳ ಶಾಲೆ, ಹಿರಿಯರ ಆರೈಕೆಗಳ ನಡುವೆ ತರಕಾರಿ ಬೆಳೆಯಲು ಬಿಡುವೆಲ್ಲಿ ಎಂಬ ಪ್ರಶ್ನೆ ಸಹಜವೇ. ಆದರೆ ತರಕಾರಿಯೆಂದರೆ ಕೋಸು, ಟೊಮೆಟೊಗಳಷ್ಟೇ ಎಂದು ತಿಳಿದವರಿಗೆ ಬಿಡುವು ಎಂದಿಗೂ ಸಾಲದು. ಇಲ್ಲಿಯ ಜಡಿಮಳೆಗೆ ಟೊಮೆಟೊ ಅಂಗಮಾರಿ ತಗುಲಿ ಕೊಳೆಯುತ್ತದೆ.

ಬಚ್ಚಲ ನೀರು ಹರಿಯುವಲ್ಲಿ ಕೆಸು, ಚಪ್ಪರಕ್ಕೆ ಬಸಳೆ ಮತ್ತು ಸೀಮೆಬದನೆ, ಬೇಲಿಯಲ್ಲಿ ಚಕ್ರಮುನಿ, ಮೂಲೆಯಲ್ಲೊಂದು ಗಾಂಧಾರಿ ಮೆಣಸು: ಇವು ಹೆಚ್ಚಿನ ಆರೈಕೆಯನ್ನು ಬೇಡುವುದಿಲ್ಲ. ಬಸಳೆ, ಚಕ್ರಮುನಿಗಳ ಕಡ್ಡಿಯನ್ನು ಜೂನಿನ ಮಳೆಗೆ ಊರಿದರೆ ಚಿಗುರುತ್ತದೆ; ಕೊಯ್ದಷ್ಟೂ ಕವಲೊಡೆಯುತ್ತದೆ. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಸಾಕು. ಕೆಸುವಿನ ತುರಿಕೆಯನ್ನು ಹುಳಿ ಹಾಕಿ ಚೆನ್ನಾಗಿ ಬೇಯಿಸಿ ನೀಗುವ ವಿದ್ಯೆ ಅಜ್ಜಿಯರಿಗೆ ಗೊತ್ತು. ಈರುಳ್ಳಿ, ಆಲೂಗಡ್ಡೆಗಳಿಗೆ ಸಂತೆಯೇ ಗತಿಯಾದರೂ ವಾರದ ಎರಡು ಮೂರು ದಿನಗಳ ಸಾರು, ಪಲ್ಯಗಳನ್ನು ಹಿತ್ತಲೇ ಪೂರೈಸಬಲ್ಲದು.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಮುಚ್ಚಿದಾಗ, ಸಂತೆಯ ತರಕಾರಿ ಎಷ್ಟು ದೂರದ್ದೆಂಬುದು ಅನೇಕ ಊರುಗಳಿಗೆ ಅರಿವಾಯಿತು. ಆ ಪಾಠವನ್ನು ಮರೆಯುವಂತಿಲ್ಲ. ಇಂದು ಕಳೆ ಕೀಳುವ ಕೂಲಿ ಉಳಿಸಲೆಂದು ತೋಟಕ್ಕೆ ಸಿಂಪಡಿಸುವ ಕಳೆನಾಶಕಕ್ಕೆ ಕೆಸುವೂ ಕಳೆ, ಸೊಪ್ಪೂ ಕಳೆ. ಒಮ್ಮೆ ಬೇರು ಸತ್ತರೆ ಅದನ್ನು ಬೇಯಿಸುವ ಅರಿವೂ ಒಂದು ತಲೆಮಾರಿನಲ್ಲಿ ಅಳಿಯುತ್ತದೆ. ಹಿತ್ತಲಿನಿಂದ ಹತ್ತು ಮಾರು ದೂರಕ್ಕಾದರೂ ಕಳೆನಾಶಕ ಸುಳಿಯಬಾರದು. ಅಲ್ಲಿ ಕತ್ತಿಯೇ ಸಾಕು. ವಿದ್ಯಾರ್ಥಿಗಳು ನೆರೆಮನೆಯ ಅಜ್ಜಿಯಿಂದ ಈ ಮಳೆಗಾಲದಲ್ಲಿ ಒಂದು ಬಸಳೆ ಕಡ್ಡಿಯನ್ನು ಕೇಳಿ ತರಲಿ. ಜೊತೆಗೆ ಅದನ್ನು ಬೇಯಿಸುವ ಬಗೆಯನ್ನೂ.